ಕರೆಂಟ್ ಕೆಲಸದ ಸ್ಕ್ರೂಡ್ರೈವರ್: ನಾನು ಆರಿಸುವ ಬಗೆ

ವೈರಿಂಗ್ ಕೆಲಸಕ್ಕೆ ಸ್ಕ್ರೂಡ್ರೈವರ್ ತರಲು ಹೋಗುವಾಗ ಒಂದು ಹಳೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಒಂದು ಮಾಡ್ಯುಲರ್ ಸಾಕೆಟ್ ಚೀಲಕ್ಕೆ ಹಾಕಿಕೊಂಡೇ ಹೋಗುತ್ತೇನೆ. ಕೌಂಟರ್ ಮೇಲೆ ಅವನ್ನಿಟ್ಟು ಒಂದೊಂದೇ ಸ್ಕ್ರೂಡ್ರೈವರ್ ಕೂರಿಸಿ ನೋಡುತ್ತೇನೆ. ಹಿಡಿ, ಕಂಪನಿ, ರೇಟು ಎಲ್ಲಾ ಆಮೇಲೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನನಗೆ ಪರಿಚಯದ ಅಂಗಡಿಯವರು ಈಗ ತಾವೇ ಡಬ್ಬ ಮುಂದಿಡುತ್ತಾರೆ, "ನೋಡ್ಕೊಳ್ಳಿ ಸಾರ್, ಯಾವುದು ಕೂರುತ್ತೋ ಅದನ್ನೇ ತಗೊಳ್ಳಿ" ಅಂತ.

ಇಷ್ಟು ಯಾಕೆ ನೋಡಬೇಕು ಅಂದರೆ, ಕರೆಂಟ್ ಕೆಲಸದಲ್ಲಿ ಸ್ಕ್ರೂ ಬಿಗಿಯಾಗಿ ಕೂರಲೇಬೇಕು. ಗೀಸರ್, ಎಸಿ ಲೈನಿನಲ್ಲಿ ಟರ್ಮಿನಲ್, ಅಂದರೆ ವೈರ್ ಸಿಕ್ಕಿಸಿ ಸ್ಕ್ರೂ ಬಿಗಿಯುವ ಜಾಗ, ಸಡಿಲ ಇದ್ದರೆ ಅಲ್ಲಿ ಬಿಸಿ ಏರುತ್ತದೆ. ತಾಮ್ರ ಕಪ್ಪಾಗುತ್ತದೆ, ಹಿಡಿತ ಇನ್ನಷ್ಟು ಸಡಿಲವಾಗುತ್ತದೆ, ಕಡೆಗೆ ಪ್ಲಾಸ್ಟಿಕ್ ಕರಗುತ್ತದೆ. ಹರಿಯುವ ಕರೆಂಟ್ ಜಾಸ್ತಿಯಾಗದ ಕಾರಣ ಎಂಸಿಬಿ ಟ್ರಿಪ್ ಕೂಡ ಆಗುವುದಿಲ್ಲ. ಸುಟ್ಟ ಡಿಬಿ (ಎಂಸಿಬಿಗಳನ್ನು ಕೂರಿಸುವ ಪೆಟ್ಟಿಗೆ) ಬಿಚ್ಚಿದಾಗ ಎಷ್ಟೋ ಸಲ ಸ್ಕ್ರೂ ತಲೆ ಸವೆದು ಗುಂಡಗಾಗಿರುವುದನ್ನು ನೋಡಿದ್ದೇನೆ. ಯಾರೋ ಹೊಂದದ ತುದಿ ಹಾಕಿ ತಿರುಗಿಸಿದ್ದಾರೆ, ಜಾರಿದೆ, ಅಲ್ಲಿಗೇ ಬಿಟ್ಟಿದ್ದಾರೆ.

ಅಂಗಡಿಯಲ್ಲಿ ಪ್ಲಸ್ ತುದಿಯ ಎಲ್ಲದಕ್ಕೂ 'ಸ್ಟಾರ್' ಅನ್ನುತ್ತಾರೆ. ಆದರೆ ಅದರಲ್ಲಿ ಎರಡು ಜಾತಿ. ಫಿಲಿಪ್ಸ್ ತುದಿಯ ಮೇಲೆ ಪಿಎಚ್ ಅಂತಲೂ ಪೋಜಿಡ್ರೈವ್ ಮೇಲೆ ಪಿಜೆಡ್ ಅಂತಲೂ ಬರೆದಿರುತ್ತದೆ. ಫಿಲಿಪ್ಸ್‌ನ ಬದಿಗಳು ಇಳಿಜಾರು, ಜೋರು ಹಾಕಿದಷ್ಟೂ ಸ್ಕ್ರೂನಿಂದ ಮೇಲೆ ಏಳುತ್ತದೆ. ಪೋಜಿಡ್ರೈವ್‌ನ ಬದಿಗಳು ಹೆಚ್ಚು ಕಡಿಮೆ ನೇರ, ಹಾಗಾಗಿ ಜಾರುವುದು ಕಡಿಮೆ. ಎಂಸಿಬಿಯ ಸ್ಕ್ರೂ ತಲೆಯನ್ನು ಬೆಳಕಿಗೆ ಹಿಡಿದು ನೋಡಿ. ಪ್ಲಸ್ಸಿನ ನಾಲ್ಕು ತೋಳುಗಳ ನಡುವೆ ಸಣ್ಣ ಗೆರೆಗಳಿದ್ದರೆ ಅದು ಪೋಜಿಡ್ರೈವ್. ಅದಕ್ಕೆ ಪಿಜೆಡ್2 ಬೇಕು, 2 ಅನ್ನುವುದು ತುದಿಯ ಅಳತೆ. ಪಿಎಚ್2 ಹಾಕಿದರೂ ತಿರುಗುತ್ತದೆ, ಆದರೆ ತುದಿ ಒಳಗೆ ಅಲ್ಲಾಡುತ್ತಿರುತ್ತದೆ. ಕೆಲವು ಎಂಸಿಬಿಗಳಲ್ಲಿ ಪ್ಲಸ್ಸಿನ ಒಂದು ಗೀರು ತಲೆಯ ಅಂಚಿನ ತನಕ ಹೋಗಿರುತ್ತದೆ, ಅಂದರೆ ಪ್ಲಸ್ಸೂ ಮೈನಸ್ಸೂ ಸೇರಿದ ತಲೆ. ಅದಕ್ಕೇ ಅಂತ ಮಾಡಿದ ತುದಿಯನ್ನು ವೀಹಾ, ವೇರಾದಂಥ ಜರ್ಮನ್ ಕಂಪನಿಗಳು ಮಾರುತ್ತವೆ. ದುಬಾರಿ ನಿಜ. ದಿನಾ ಡಿಬಿ ಕಟ್ಟುವವರು ಒಂದನ್ನಾದರೂ ಇಟ್ಟುಕೊಳ್ಳಲೇಬೇಕು ಅನ್ನುತ್ತೇನೆ.

ಫ್ಲಾಟ್ ತುದಿಯಲ್ಲಿ ಅಗಲದ ಜೊತೆಗೆ ದಪ್ಪವನ್ನೂ ನೋಡುತ್ತೇನೆ. 0.6 ಇಂಟು 3.5 ಅಂದರೆ ತುದಿಯ ದಪ್ಪ 0.6 ಮಿಮೀ, ಅಗಲ 3.5 ಮಿಮೀ. ಸಣ್ಣ ಟರ್ಮಿನಲ್‌ಗಳಿಗೆ ನನ್ನ ಕೈಗೆ ಹೆಚ್ಚಾಗಿ ಬರುವುದು ಇದೇ. ತುದಿ ಗೀರಿಗೆ ಇಳಿದಾಗ ಬದಿಯಲ್ಲಿ ಸಂದು ಕಾಣಬಾರದು. ಹಳೆ ಸ್ವಿಚ್‌ಗಳ ಹಿತ್ತಾಳೆ ಸ್ಕ್ರೂ ಮೆತ್ತಗಿರುತ್ತದೆ. ತೆಳ್ಳಗಿನ ತುದಿ ಹಾಕಿ ಒಂದು ಸಲ ಜೋರಾಗಿ ತಿರುಗಿಸಿದರೆ ಸಾಕು, ಗೀರು ಹಾಳು.

ಇನ್ನು ಇನ್ಸುಲೇಶನ್, ಅಂದರೆ ಕೈಗೆ ಕರೆಂಟ್ ಹೊಡೆಯದಂತೆ ಹಾಕಿದ ಪ್ಲಾಸ್ಟಿಕ್ ಹೊದಿಕೆ. ಹಿಡಿಯ ಮೇಲೆ ಎರಡು ತ್ರಿಕೋನದ ಗುರುತು, ಪಕ್ಕದಲ್ಲಿ 1000 ವೋಲ್ಟ್ ಅಂತ ಇದೆಯಾ ನೋಡುತ್ತೇನೆ. ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನದಂಡದ ಗುರುತು ಅದು. ಇಂಥ ಉಪಕರಣವನ್ನು ನೀರಿನಲ್ಲಿಟ್ಟು 10,000 ವೋಲ್ಟ್ ಹಾಕಿ ಪರೀಕ್ಷಿಸಿರುತ್ತಾರೆ. ಕಡ್ಡಿಗೆ ಸುಮ್ನೆ ಪ್ಲಾಸ್ಟಿಕ್ ಕೊಳವೆ ತೂರಿಸಿದ ಅಗ್ಗದ ಮಾಲೂ ಬರುತ್ತದೆ. ಉಗುರಿನಿಂದ ಎಳೆದರೆ ಆ ಕೊಳವೆ ಜರುಗುತ್ತದೆ. ಅದನ್ನು ಅಲ್ಲೇ ವಾಪಸ್ ಇಡುತ್ತೇನೆ. ಒಳ್ಳೆಯದರಲ್ಲಿ ಪ್ಲಾಸ್ಟಿಕ್ಕು ಕಡ್ಡಿಗೆ ಅಂಟಿಕೊಂಡು ತುದಿಯ ಹತ್ತಿರದ ತನಕ ಬಂದಿರುತ್ತದೆ.

ಇಲ್ಲೇ ಒಂದು ತೊಡಕಿದೆ. ಆ ಪ್ಲಾಸ್ಟಿಕ್ ದಪ್ಪವಿದ್ದರೆ ಸಾಕೆಟ್ ಹಿಂಭಾಗದ ಸ್ಕ್ರೂ ತೂತಿನೊಳಗೆ ಇಳಿಯುವುದೇ ಇಲ್ಲ. ಆಗ ಜನ ಬ್ಲೇಡಿನಿಂದ ಅದನ್ನು ಕೆತ್ತಿ ತೆಗೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಲಿಮ್ ಅಂತಲೇ ಸಿಗುತ್ತದೆ, ಅದನ್ನು ಕೇಳಿ. ನಾನು ಸಾಕೆಟ್ ಒಯ್ಯುವುದು ಇದನ್ನು ನೋಡುವುದಕ್ಕೇ.

ಇನ್ಸುಲೇಟೆಡ್ ಇದೆ ಅಂತ ಲೈನ್ ಇರುವಾಗಲೇ ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ. ಮೇನ್ ಆಫ್ ಮಾಡಿ, ಮೀಟರ್ ಹಿಡಿದು ನೋಡಿಯೇ ಶುರು ಮಾಡುತ್ತೇನೆ. ನಿಯಾನ್ ಟೆಸ್ಟರ್ ಒಂದನ್ನೇ ನಂಬುವುದಿಲ್ಲ, ಬಿಸಿಲಿನಲ್ಲಿ ಅದರ ಬೆಳಕು ಕಾಣುವುದೇ ಕಷ್ಟ. ಟೆಸ್ಟರ್‌ನಿಂದ ಸ್ಕ್ರೂ ಬಿಗಿ ಮಾಡುವ ಅಭ್ಯಾಸವಂತೂ ನಮ್ಮಲ್ಲಿ ಎಲ್ಲೆಡೆ ಇದೆ. ಅದರ ಕಡ್ಡಿ ಸಣ್ಣ, ಹಿಡಿ ಟೊಳ್ಳು. ಬಿಗಿಯೂ ಬರುವುದಿಲ್ಲ, ಹಿಡಿಯಲ್ಲಿ ಬಿರುಕೂ ಬಿಡುತ್ತದೆ.

ಜೊತೆಗೆ ಕೆಲಸ ಕಲಿಯುವ ಹುಡುಗರು "ಅಣ್ಣ, ಮೊದಲು ಯಾವುದು ತಗೊಳ್ಳಲಿ?" ಅಂತ ಕೇಳುತ್ತಾರೆ. 0.6 ಇಂಟು 3.5 ಫ್ಲಾಟ್ ಒಂದು, ಪಿಎಚ್2 ಒಂದು, ಪಿಜೆಡ್2 ಒಂದು, ಮೂರೂ ಇನ್ಸುಲೇಟೆಡ್ ಇರಲಿ ಅನ್ನುತ್ತೇನೆ. ಬಿಟ್‌ಗಳು ತುಂಬಿದ ದೊಡ್ಡ ಸೆಟ್ ನೋಡಲು ಚೆಂದ, ಆದರೆ ಮಾಮೂಲಿ ಸೆಟ್‌ನಲ್ಲಿ ಕಬ್ಬಿಣದ ಮೇಲೆ ಇನ್ಸುಲೇಶನ್ ಇರುವುದಿಲ್ಲ, ಡಿಬಿಗೆ ಬೇಡ. ಕ್ಲಾಂಪ್, ಗೋಡೆ ಬಾಕ್ಸಿನ ಕೆಲಸಕ್ಕೆ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುವ ತಪಾರಿಯಾ ಕಂಪನಿಯದು ಸಾಕು.

ತಿಂಗಳಿಗೊಮ್ಮೆ ಬಟ್ಟೆಯಿಂದ ಒರೆಸಿ, ಇನ್ಸುಲೇಶನ್ ಮೇಲೆ ಬೆರಳಾಡಿಸಿ ನೋಡುತ್ತೇನೆ. ಸೀಳು ಸಿಕ್ಕರೆ ಟೇಪ್ ಸುತ್ತಿ ಮತ್ತೆ ಬಳಸುವುದಿಲ್ಲ. ಡಿಬಿ ಚೀಲದಿಂದ ತೆಗೆದು ಬಾಗಿಲಿನ ಕೀಲು ಹಾಕುವ ಸಾಮಾನಿನ ಜೊತೆ ಇಟ್ಟುಬಿಡುತ್ತೇನೆ.