2016ರ ಟ್ರಂಪ್ ಜಗಳ ಓದೋದು ಹೇಗೆ
ಟ್ರಂಪ್‌ನ ಅಧ್ಯಕ್ಷರ ಎಲೆಕ್ಷನ್ನಿಗೆ ತಮ್ಮ ಪಕ್ಷದಿಂದ ನಿಲ್ಲಿಸ್ಬೇಕಾ ಬೇಡ್ವಾ ಅಂತ ಅಮೆರಿಕದ ರಿಪಬ್ಲಿಕನ್ನರು ಆಗ ಮಾಡಿದ ವಾದಗಳನ್ನ ಈಗ ಓದೋಕೆ ಕೂತ್ರೆ ಪರ ಯಾರು ವಿರೋಧ ಯಾರು ಅಂತ ಎಣಿಸ್ಬೇಡಿ, ಯಾರಿಗೆ ಯಾವ ಭಯ ಇತ್ತು ಅಂತ ನೋಡಿ. ಟ್ರಂಪ್ ಅದಕ್ಕೆ ಮುಂಚೆ ಒಂದು ಎಲೆಕ್ಷನ್ನೂ ಗೆದ್ದಿರ್ಲಿಲ್ಲ, ಮಿಲಿಟರಿಲೂ ಇರ್ಲಿಲ್ಲ, ಅನುಭವ ಇಲ್ಲ ಅನ್ನೋದೇ ಕೆಲವ್ರ ಭಯ. ಜನವರಿಲಿ ಬಲಪಂಥೀಯರ ನ್ಯಾಷನಲ್ ರಿವ್ಯೂ ಪತ್ರಿಕೆ ಅವ್ರ ವಿರುದ್ಧನೇ ಒಂದು ಸಂಚಿಕೆ ತಂತು, ಇವ್ರು ನಮ್ಮ ಸಿದ್ಧಾಂತದವ್ರೇ ಅಲ್ಲ ಅನ್ನೋದು ತಕರಾರು, ಟ್ರಂಪ್ ಕಡೆಯವ್ರು ಮಾತ್ರ ಅನುಭವ ಇರೋ ನಾಯಕರು ಇಷ್ಟು ವರ್ಷ ಕಡಿದು ಕಟ್ಟೆ ಹಾಕಿದ್ದೇನು, ವಲಸೆ ವಿಷ್ಯ ಬಂದ್ರೆ ಬಾಯೇ ಬಿಡಲ್ವಲ್ಲ ಅಂತ ಕೇಳ್ತಿದ್ರು (ಈ ಪ್ರಶ್ನೆಗೆ ಸರಿಯಾದ ಉತ್ರ ಯಾರೂ ಕೊಡ್ಲಿಲ್ಲ ಅಂತ ನಂಗನ್ಸತ್ತೆ).

ಬರಹದ ತಾರೀಖು ನೋಡ್ಲೇಬೇಕು. ಫೆಬ್ರವರಿಲಿ ಬಲಪಂಥೀಯ ನಿಲುವಿನ ಸುಪ್ರೀಂ ಕೋರ್ಟ್ ಜಡ್ಜ್ ಸ್ಕಾಲಿಯಾ ತೀರ್ಕೊಂಡು ಅವ್ರ ಸೀಟು ಖಾಲಿ ಆಯ್ತು, ಮೇ ತಿಂಗ್ಳಲ್ಲಿ ಟ್ರಂಪ್ ಗೆದ್ರೆ ಆ ಸೀಟಿಗೆ ಇವ್ರಲ್ಲಿ ಒಬ್ರು ಅಂತ 11 ಹೆಸ್ರಿನ ಪಟ್ಟಿ ಕೊಟ್ರು, ಆಮೇಲೆ ಎಷ್ಟೋ ಜನ ಮನಸ್ಸಿಲ್ದಿದ್ರೂ ಆ ಒಂದು ಸೀಟಿಗೋಸ್ಕರ ಟ್ರಂಪ್‌ನ ಒಪ್ಕೊಂಡ್ರು. ಹಾಗಾಗಿ ಮೇ ತಿಂಗ್ಳಿಗಿಂತ ಮುಂಚಿನ ಬರಹ, ಆಮೇಲಿನ ಬರಹ ಬೇರೆ ಬೇರೆ ಇಟ್ಕೊಂಡು ಓದಿ.