ಮ್ಯೂನಿಕ್‌ನಿಂದ ಮಕ್ಕಳ ಜೊತೆ ಆಲ್ಪ್ಸ್‌ಗೆ: ಮೊದಲ ಹ್ಯುಟ್ಟೆ ರಾತ್ರಿಗೆ ತಯಾರಿ

ಕೆಲಸಕ್ಕೆಂದು ಮ್ಯೂನಿಕ್‌ಗೆ ಬಂದ ಕನ್ನಡದ ಕುಟುಂಬಗಳ ಮೊದಲ ಬೇಸಿಗೆ ಹೆಚ್ಚಾಗಿ ನೋಯ್‌ಶ್ವಾನ್‌ಸ್ಟೈನ್ ಅರಮನೆ, ಸಾಲ್ಜ್‌ಬರ್ಗ್, ಕೇಬಲ್ ಕಾರಿನಲ್ಲಿ ತ್ಸುಗ್‌ಶ್ಪಿಟ್ಸೆ ಎಂದು ಕಳೆದುಹೋಗುತ್ತದೆ. ಮುಂದಿನ ಬೇಸಿಗೆಗೆ ಬೆಟ್ಟದಲ್ಲೇ ಒಂದೆರಡು ರಾತ್ರಿ ಉಳಿಯುವ ಆಸೆ ಹುಟ್ಟುತ್ತದೆ. ಅದಕ್ಕೆ ಟೆಂಟು, ಒಲೆ ಹೊರಬೇಕಿಲ್ಲ. ಊಟ, ಹಾಸಿಗೆ ಎರಡೂ ಸಿಗುವ ಹ್ಯುಟ್ಟೆಗಳು, ಅಂದರೆ ಬೆಟ್ಟದ ವಸತಿಗೃಹಗಳು, ದಾರಿಯುದ್ದಕ್ಕೂ ಇವೆ. ಎಡವಟ್ಟಾಗುವುದು ಹೆಚ್ಚಾಗಿ ಮೊದಲ ಹ್ಯುಟ್ಟೆಯ ಆಯ್ಕೆಯಲ್ಲಿ. ಫೋಟೋ ನೋಡಿ ಎತ್ತರದ್ದನ್ನು ಆರಿಸಿಕೊಂಡು, ದಾರಿಯ ನಡುವೆ ಅಳುವ ಮಗುವನ್ನು ಹೊತ್ತು ಇಳಿಯಬೇಕಾಗುತ್ತದೆ.

ಮೊದಲ ಸಲಕ್ಕೆ ಆಸ್ಟ್ರಿಯಾದ ಕುಫ್‌ಸ್ಟೈನ್ ಪಕ್ಕದ ಕೈಸರ್‌ಟಾಲ್ ಕಣಿವೆಯೇ ವಾಸಿ. ಮ್ಯೂನಿಕ್‌ನಿಂದ ರೋಸನ್‌ಹೈಮ್ ಮೂಲಕ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಪ್ರಾದೇಶಿಕ ರೈಲುಗಳಲ್ಲಿ ಕುಫ್‌ಸ್ಟೈನ್‌ವರೆಗೂ ತಿಂಗಳ ಪಾಸಾದ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುತ್ತದೆ, ಒಂದು ದಿನದ ಬೈಯರ್ನ್ ಟಿಕೆಟ್ ಕೂಡ. ಬೈಯರ್ನ್ ಟಿಕೆಟ್‌ನಲ್ಲಿ 6ರಿಂದ 14 ವರ್ಷದ ನಿಮ್ಮ ಮಕ್ಕಳಿಗೆ ಪ್ರತ್ಯೇಕ ಹಣವಿಲ್ಲ. ಆದರೆ ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ನಂತರವಷ್ಟೇ ಚಾಲ್ತಿ. ಬೇಗ ಹೊರಡಬೇಕೆಂದರೆ ಶನಿವಾರ ನೋಡಿ.

ಕಣಿವೆಯ ಬಾಯಲ್ಲಿ ಮುನ್ನೂರರ ಆಸುಪಾಸು ಮೆಟ್ಟಿಲುಗಳಿವೆ. ಆಮೇಲೆ ಕಾಡು, ಹುಲ್ಲುಗಾವಲು, ಎದುರಿಗೆ ವಿಲ್ಡರ್ ಕೈಸರ್ ಪರ್ವತಸಾಲಿನ ಸುಣ್ಣಕಲ್ಲಿನ ಗೋಡೆ. 2008ರಲ್ಲಿ ಸುರಂಗ ತೆರೆದರೂ ಅದು ಅಲ್ಲಿನ ನಿವಾಸಿಗಳ ವಾಹನಗಳಿಗಷ್ಟೇ, ಆದ್ದರಿಂದ ಮಕ್ಕಳನ್ನು ಮುಂದೆ ಬಿಟ್ಟು ನಡೆಯಬಹುದು. ಮೊದಲ ರಾತ್ರಿ 829 ಮೀಟರ್ ಎತ್ತರದ ಆಂಟನ್ ಕಾರ್ಗ್ ಹೌಸ್‌ನಲ್ಲಿ. ಮಕ್ಕಳಲ್ಲಿ ಕಸುವಿದ್ದರೆ ಮರುದಿನ ಹಾನ್ಸ್ ಬರ್ಗರ್ ಹೌಸ್ ದಾಟಿ 1577 ಮೀಟರ್‌ನ ಶ್ಟ್ರಿಪ್ಸನ್‌ಯೋಖ್ ಹೌಸ್‌ಗೆ ಹತ್ತಿ, ಅಲ್ಲಿ ಎರಡನೆಯ ರಾತ್ರಿ. ಮೂರನೆಯ ದಿನ ಬಂದ ದಾರಿಯಲ್ಲೇ ವಾಪಸ್. ಮೇಲೆ ಎಗ್ಗರ್‌ಶ್ಟೈಗ್ ಎಂಬ ಫಲಕ ಕಂಡರೆ ಆ ಕಡೆ ತಿರುಗಬೇಡಿ. ಅದು ಉಕ್ಕಿನ ಹಗ್ಗ ಹಿಡಿದು ಬಂಡೆಯ ಮೇಲೆ ಸಾಗುವ ದಾರಿ. ಹೆಲ್ಮೆಟ್, ಹಾರ್ನೆಸ್, ಅನುಭವ ಮೂರೂ ಬೇಕು.

ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಹಳದಿ ಫಲಕಗಳ ಮೇಲೆ ಇರುವುದು ಸಮಯ. ಅದರ ಹಿಂದಿನ ಲೆಕ್ಕ ಇಷ್ಟು: ಸಮತಟ್ಟಿನಲ್ಲಿ ಗಂಟೆಗೆ 4 ಕಿ.ಮೀ., ಏರಿನಲ್ಲಿ ಗಂಟೆಗೆ 300 ಮೀಟರ್, ಇಳಿಜಾರಿನಲ್ಲಿ 500 ಮೀಟರ್. ಅಡ್ಡ ದೂರದ ಸಮಯ ಮತ್ತು ಎತ್ತರದ ಸಮಯ ಬೇರೆ ಬೇರೆ ತೆಗೆದು, ಚಿಕ್ಕದನ್ನು ಅರ್ಧ ಮಾಡಿ ದೊಡ್ಡದಕ್ಕೆ ಕೂಡಿಸಿ. 8 ಕಿ.ಮೀ. ದಾರಿ, 600 ಮೀಟರ್ ಏರು ಎಂದರೆ ಎರಡು ಗಂಟೆ, ಎರಡು ಗಂಟೆ. ಒಟ್ಟು ಮೂರು ಗಂಟೆ. ಇದು ದೊಡ್ಡವರ ಲೆಕ್ಕ, ವಿಶ್ರಾಂತಿ ಸೇರಿಲ್ಲ. ಆರರಿಂದ ಹತ್ತು ವರ್ಷದ ಮಕ್ಕಳಿದ್ದರೆ ಒಂದೂವರೆಯಿಂದ ಗುಣಿಸಿ, ಊಟ, ಹೊಳೆಗೆ ಕಲ್ಲೆಸೆಯುವ ಆಟ ಎಂದು ಇನ್ನೊಂದು ಗಂಟೆ ಸೇರಿಸಿ. ಆ ಒಂದು ಗಂಟೆ ಕೊಡದಿದ್ದರೆ ಮಕ್ಕಳು ಅದನ್ನು ರಗಳೆಯ ರೂಪದಲ್ಲಿ ತೆಗೆದುಕೊಂಡೇ ತೀರುತ್ತಾರೆ. ಫಲಕದ ಬಣ್ಣವನ್ನೂ ನೋಡಿ: ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಮಕ್ಕಳಿದ್ದಾಗ ಕಪ್ಪು ಬೇಡವೇ ಬೇಡ.

ಬೇಗ ಹೊರಡಿ ಎನ್ನುವುದಕ್ಕೆ ಕಾರಣ ಗುಡುಗು. ಬೇಸಿಗೆಯ ಬಿಸಿಲಿಗೆ ಇಳಿಜಾರುಗಳ ಗಾಳಿ ಕಾದು ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುತ್ತದೆ. ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಎತ್ತರದ ಭಾಗ ಮಧ್ಯಾಹ್ನ ಒಂದರೊಳಗೆ ಮುಗಿಯುವಂತೆ ಯೋಜಿಸಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್ ಸಿಗುತ್ತದೆ. 30 ಸೆಕೆಂಡಿಗಿಂತ ಕಡಿಮೆಯಾದರೆ ಏಣುಗಳಿಂದ, ಒಂಟಿ ಮರಗಳಿಂದ, ಉಕ್ಕಿನ ಹಗ್ಗಗಳಿಂದ ದೂರ ಸರಿದು ಕೆಳಗಿಳಿಯಿರಿ. ತಪ್ಪಿಸಿಕೊಳ್ಳಲಾಗದಿದ್ದರೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು. ಹಿಂದಿನ ಸಂಜೆ ಅಲ್ಲಿನ ಹವಾಮಾನ ಸಂಸ್ಥೆ ಜಿಯೋಸ್ಫಿಯರ್ ಆಸ್ಟ್ರಿಯಾದ ಮುನ್ಸೂಚನೆ ನೋಡಿ, ಬೆಳಿಗ್ಗೆ ಹ್ಯುಟ್ಟೆಯವರನ್ನೂ ಕೇಳಿ.

ಬವೇರಿಯಾದ ಬೇಸಿಗೆ ರಜೆ ಸೆಪ್ಟೆಂಬರ್ ಮಧ್ಯದವರೆಗೆ ಇರುತ್ತದೆ. ಅಷ್ಟರಲ್ಲಿ ಉಳಿದ ಹೆಚ್ಚಿನ ರಾಜ್ಯಗಳ ಶಾಲೆಗಳು ತೆರೆದಿರುತ್ತವೆ. ಸೆಪ್ಟೆಂಬರ್ ಮೊದಲ ಎರಡು ವಾರ ಜನವೂ ಕಡಿಮೆ, ಗುಡುಗೂ ಕಡಿಮೆ; ಆಗಸ್ಟ್‌ಗಿಂತ ಎಷ್ಟೋ ಮೇಲು. ಜೂನ್‌ನಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹಳೆಯ ಹಿಮ ಉಳಿದಿರಬಹುದು.

ಜಾಗ ಕಾದಿರಿಸದೆ ಹೋಗಬೇಡಿ. ವಾರಾಂತ್ಯಕ್ಕೆ ಹಲವು ವಾರ ಮೊದಲೇ ಆನ್‌ಲೈನ್‌ನಲ್ಲಿ ನೋಡಿ, ರದ್ದತಿಯ ಗಡುವು ಬರೆದಿಟ್ಟುಕೊಳ್ಳಿ. ಸಾಲು ಹಾಸಿಗೆಯ ಲಾಗರ್ ಅಗ್ಗ, ಆದರೆ ಪುಟ್ಟ ಮಕ್ಕಳಿದ್ದರೆ ಸಣ್ಣ ಕೋಣೆಗೆ ಸ್ವಲ್ಪ ಹೆಚ್ಚು ಕೊಡುವುದೇ ಲೇಸು. 1869ರಲ್ಲಿ ಮ್ಯೂನಿಕ್‌ನಲ್ಲೇ ಹುಟ್ಟಿದ ಜರ್ಮನ್ ಆಲ್ಪೈನ್ ಕ್ಲಬ್‌ನ, ಅಂದರೆ ಡಿಎವಿಯ, ಕುಟುಂಬ ಸದಸ್ಯತ್ವ ಪಡೆದರೆ ಆಸ್ಟ್ರಿಯಾ ಕ್ಲಬ್‌ನ ಹ್ಯುಟ್ಟೆಗಳಲ್ಲೂ ರಿಯಾಯಿತಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ರಕ್ಷಣಾ ವಿಮೆ: ಬೆಟ್ಟದಲ್ಲಿ ಹುಡುಕಿ, ಹೊತ್ತು ತರುವ ಖರ್ಚು ತಲಾ 25,000 ಯೂರೋವರೆಗೆ. ಗಾಯವಾಗದೆ ಬರೀ ಸಿಕ್ಕಿಹಾಕಿಕೊಂಡವರನ್ನು ಹೆಲಿಕಾಪ್ಟರ್ ಎತ್ತಿಕೊಂಡರೆ ಸಾಮಾನ್ಯ ಆರೋಗ್ಯ ವಿಮೆ ಆ ಬಿಲ್ ಕಟ್ಟುವುದಿಲ್ಲ. ಸದಸ್ಯತ್ವ ತಾನಾಗಿಯೇ ಮುಂದುವರಿಯುತ್ತದೆ. ಬೇಡವಾದರೆ ಸೆಪ್ಟೆಂಬರ್ 30ರೊಳಗೆ ಬರೆದು ತಿಳಿಸಬೇಕು.

ಗಡಿ ದಾಟುವಾಗ ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡ್ ಎರಡೂ ಎಲ್ಲರ ಬಳಿ ಇರಬೇಕು, ಕೂಸಿನದ್ದೂ ಸೇರಿ. ಆಸ್ಟ್ರಿಯಾದಿಂದ ಮರಳುವಾಗ ರೈಲಿನಲ್ಲಿ ತಪಾಸಣೆ ಮಾಮೂಲು. ಕಾರ್ಡ್ ನವೀಕರಣಕ್ಕೆ ಕೊಟ್ಟು, ಹೊಸದು ಬರುವವರೆಗಿನ ತಾತ್ಕಾಲಿಕ ಫಿಕ್ಟ್ಸಿಯೋನ್ಸ್ ಪತ್ರ ಪಡೆದಿದ್ದರೆ ಅದರ ಮೇಲಿನ ಕಾನೂನಿನ ಕಲಮು ಓದಿ: 81(4) ಇದ್ದರೆ ಹಳೆಯ ಕಾರ್ಡ್ ಜೊತೆ ಪ್ರಯಾಣಿಸಬಹುದು, 81(3) ಇದ್ದರೆ ದೇಶ ಬಿಟ್ಟು ಹೋದವರು ಅದರ ಮೇಲೆ ಮರಳುವಂತಿಲ್ಲ. ಆಗ ಜರ್ಮನಿಯೊಳಗಿನ ಬೆಟ್ಟಗಳೇ ಸಾಕು.

ಶೂ ಬಗ್ಗೆ ಒಂದು ಮಾತು ಉದ್ದವಾಗಿಯೇ ಹೇಳಬೇಕು. ಮಕ್ಕಳಿಗೆ ಸೆಕೆಂಡ್‌ಹ್ಯಾಂಡ್ ಟ್ರೆಕಿಂಗ್ ಶೂ ಕೊಳ್ಳುವುದು ಜಾಣತನ, ಏಕೆಂದರೆ ಒಂದೇ ಬೇಸಿಗೆಯಲ್ಲಿ ಪಾದ ಬೆಳೆದುಬಿಡುತ್ತದೆ. ಆದರೆ ಅಟ್ಟೆಯ ನಡುವಿನ ಪಾಲಿಯುರಿಥೇನ್ ಪದರ ತೇವಾಂಶಕ್ಕೆ ನಿಧಾನವಾಗಿ ಕೊಳೆಯುತ್ತದೆ, ಶೂ ಬಳಸದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೂ. ನೋಡಲು ಹೊಸದರಂತಿದ್ದ ಹಳೆಯ ಶೂ ದಾರಿಯ ಮಧ್ಯೆ ಅಟ್ಟೆ ಕಳಚಿಕೊಳ್ಳುವುದು ಇದಕ್ಕೇ. ಅಂಚನ್ನು ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ, ಬಗ್ಗಿಸಿ ನೋಡಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಬೇಡ. ಮನೆಯ ಹತ್ತಿರ ಎರಡು ಮೂರು ಸಲ ಹಾಕಿ ನಡೆಸಿ. ಹೆಬ್ಬೆರಳಿನ ಮುಂದೆ 12 ಮಿ.ಮೀ. ಜಾಗವಿರಲಿ, ಇಳಿಯುವಾಗ ಉಗುರು ಕಪ್ಪಾಗುವುದು ಜಾಗ ಸಾಲದೆ. ಬ್ಯಾಂಡೇಜು, ಒಂದಿಷ್ಟು ಗಟ್ಟಿ ಟೇಪು ಜೊತೆಗಿರಲಿ.

ಮಗುವಿನ ಚೀಲ ಅದರ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಜೀನ್ಸ್, ಹತ್ತಿ ಅಂಗಿ ಒದ್ದೆಯಾದರೆ ಒಣಗುವುದಿಲ್ಲ, ಮೈ ತಣ್ಣಗಾಗುತ್ತದೆ. ಪ್ರತಿ 100 ಮೀಟರ್ ಏರಿಗೆ ಸುಮಾರು 0.6 ಡಿಗ್ರಿ ಇಳಿಯುತ್ತದೆ, ಆದ್ದರಿಂದ ಜುಲೈನಲ್ಲೂ ಉಣ್ಣೆ ಟೋಪಿ ಬೇಕು. ಹ್ಯುಟ್ಟೆಯಲ್ಲಿ ಕಂಬಳಿ ಕೊಡುತ್ತಾರೆ, ಒಳಗೆ ಹಾಸಿಕೊಳ್ಳುವ ತೆಳು ಮಲಗುಚೀಲ ನಿಮ್ಮದೇ ಇರಬೇಕು, ಅದು ಕಡ್ಡಾಯ. ನಗದು, ತಲೆದೀಪ, ಇಯರ್‌ಪ್ಲಗ್ ಮರೆಯಬೇಡಿ.

ಸಸ್ಯಾಹಾರಿಗಳಿಗೆ ಮೋಸವಾಗುವುದು ಸೂಪಿನಲ್ಲಿ. ಕಾಸ್‌ಪ್ರೆಸ್‌ಕ್ನೋಡೆಲ್ ಎಂಬ ಚೀಸ್ ಉಂಡೆ ಸೂಪಿನಲ್ಲಿ ಮಾಂಸದ ತುಂಡು ಕಾಣುವುದಿಲ್ಲ, ಆದರೆ ಸಾರು ಹೆಚ್ಚಾಗಿ ದನದ ಮೂಳೆಯದು. ಆ ಉಂಡೆಯನ್ನು ಸಲಾಡ್ ಜೊತೆ ಕೇಳಿ. ಕೇಜೆಶ್ಪೆಟ್ಸ್ಲೆ, ಸಿಹಿಯಾದ ಕೈಸರ್‌ಶ್ಮಾರ್ನ್ ಎರಡರಲ್ಲೂ ಮೊಟ್ಟೆಯಿದೆ. ಎರಡನೆಯದರ ದ್ರಾಕ್ಷಿ ರಮ್‌ನಲ್ಲಿ ನೆನೆದಿರಬಹುದು. ಮೊಟ್ಟೆಯೂ ಬೇಡವೆಂದರೆ ಕಾದಿರಿಸುವಾಗಲೇ ಬರೆಯಿರಿ. ಒಗ್ಗರಣೆ ಅವಲಕ್ಕಿಯ ಮಿಶ್ರಣ, ಚಟ್ನಿಪುಡಿ ಒಯ್ದು, ಕೌಂಟರಿನಲ್ಲಿ ಬಿಸಿನೀರು ಕೊಂಡು ನೆನೆಸಿದರೆ ಊಟವಾಯಿತು. ಅದನ್ನು ಊಟದ ಕೋಣೆಯೊಳಗಲ್ಲ, ಹೊರಗಿನ ಬೆಂಚಿನಲ್ಲಿ ತಿನ್ನಿ, ಕಸ ಕೆಳಗೆ ತನ್ನಿ. ಕೊಟ್ಟಿಗೆಯ ಕೆಳಗಿನ ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಬೇಡಿ.

ದಾರಿಯಲ್ಲಿ ಹಸು ಮೇಯುತ್ತಿರುತ್ತವೆ. ನಮ್ಮ ಕೈ ತಾನಾಗಿಯೇ ಅದರ ಗಂಗೆದೊಗಲಿಗೆ ಹೋಗುತ್ತದೆ, ಅಲ್ಲೇ ಅಪಾಯ. ಇವು ಕರುವಿನೊಂದಿಗೆ ಬಯಲಲ್ಲೇ ಬೇಸಿಗೆ ಕಳೆಯುವ ಹಿಂಡುಗಳು. 2014ರಲ್ಲಿ ಟಿರೋಲ್‌ನ ಪಿನ್ನಿಸ್ ಕಣಿವೆಯಲ್ಲಿ ನಾಯಿಯೊಂದಿಗೆ ನಡೆಯುತ್ತಿದ್ದ ಮಹಿಳೆ ಹಸುಗಳ ದಾಳಿಗೆ ಸತ್ತರು. ಕರು ಮುಟ್ಟಬೇಡಿ, ದೂರದಿಂದ ಬಳಸಿ ಹೋಗಿ. ಹಸು ತಲೆ ತಗ್ಗಿಸಿ ಬುಸುಗುಟ್ಟಿದರೆ ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಿರಿ.

ಹ್ಯುಟ್ಟೆಯ ಬಾಗಿಲಲ್ಲೇ ಶೂ ಬಿಡಿ. ಅಲ್ಲಿನ ಅತಿಥಿಗಳ ಪುಸ್ತಕದಲ್ಲಿ ಹೆಸರಿನ ಜೊತೆ ಮುಂದಿನ ಗುರಿಯನ್ನೂ ಬರೆಯಿರಿ. ನೀವು ತಲುಪದಿದ್ದರೆ ಹುಡುಕುವವರಿಗೆ ಇರುವ ಮೊದಲ ಸುಳಿವು ಅದೇ. ರಾತ್ರಿ ಹತ್ತಕ್ಕೆ ಮೌನ, ಹಾಗಾಗಿ ಸರಸರ ಎನ್ನುವ ಪ್ಲಾಸ್ಟಿಕ್ ಚೀಲಗಳ ಕೆಲಸ ಊಟಕ್ಕೂ ಮೊದಲೇ ಮುಗಿಸಿ.

ತುರ್ತಿಗೆ ಆಸ್ಟ್ರಿಯಾದಲ್ಲಿ ಪರ್ವತ ರಕ್ಷಣೆಯ ಸಂಖ್ಯೆ 140, ಎಲ್ಲೆಡೆ 112. ಸಿಗ್ನಲ್ ಇಲ್ಲದಿದ್ದರೆ ಸೀಟಿ ಅಥವಾ ಬೆಳಕು: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರ ನಿಮಿಷಕ್ಕೆ ಮೂರು ಸಲ ಬರುತ್ತದೆ. ಹೆಲಿಕಾಪ್ಟರ್ ಬಂದರೆ ಎರಡೂ ಕೈ ಮೇಲೆತ್ತುವುದು ಸಹಾಯ ಬೇಕೆಂದು. ಒಂದು ಮೇಲೆ, ಒಂದು ಕೆಳಗೆ ಎಂದರೆ ಬೇಡವೆಂದು. ಖುಷಿಗೆ ಎರಡೂ ಕೈ ಬೀಸಬಾರದೆಂದು ಮಕ್ಕಳಿಗೆ ಮೊದಲೇ ಹೇಳಿ.

ಮಲೆನಾಡಿನ ಇಂಬಳ ಹೊಟ್ಟೆ ತುಂಬಿದರೆ ತಾನೇ ಉದುರುತ್ತದೆ, ನಾವು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಇಲ್ಲಿನ ಉಣ್ಣೆಹುಳು, ಜರ್ಮನರ ತ್ಸೆಕೆ, ದಿನಗಟ್ಟಲೆ ಕಚ್ಚಿಕೊಂಡಿರುತ್ತದೆ, ನೋವೂ ಗೊತ್ತಾಗುವುದಿಲ್ಲ. ಅದು ಹರಡುವ ಮಿದುಳಿನ ಉರಿಯೂತಕ್ಕೆ ಎಫ್‌ಎಸ್‌ಎಂಇ ಲಸಿಕೆಯಿದೆ. ಮೂರು ಡೋಸ್‌ಗಳಲ್ಲಿ ಮೊದಲೆರಡರ ನಡುವೆಯೇ ಒಂದರಿಂದ ಮೂರು ತಿಂಗಳು ಬೇಕು, ಆದ್ದರಿಂದ ಚಳಿಗಾಲದಲ್ಲೇ ಶುರುಮಾಡಿ. ಲೈಮ್ ರೋಗಕ್ಕೆ ಈ ಲಸಿಕೆ ಕೆಲಸ ಮಾಡುವುದಿಲ್ಲ. ಮನೆಗೆ ಬಂದ ಸಂಜೆಯೇ ಮಕ್ಕಳ ಕಿವಿಯ ಹಿಂದೆ, ಕೂದಲಂಚು, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ನೋಡಿ. ಸಿಕ್ಕಿದರೆ ಎಣ್ಣೆ, ಅಂಟು ಏನೂ ಹಚ್ಚದೆ, ಚರ್ಮಕ್ಕೆ ತಾಗಿಸಿ ಚಿಮಟದಲ್ಲಿ ಹಿಡಿದು ನೇರ ಎಳೆಯಿರಿ. ಕಚ್ಚಿದ ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಹಾಕಿ ದಿನಾಂಕ ಬರೆದಿಡಿ. ಮುಂದಿನ ವಾರಗಳಲ್ಲಿ ಕೆಂಪು ಆ ಗೆರೆ ದಾಟಿ ಹರಡಿದರೆ ಫೋಟೋ ತೆಗೆದುಕೊಂಡು ಮಕ್ಕಳ ವೈದ್ಯರ ಬಳಿ ಹೋಗಿ.