ಕಾಂಟ್ರಾಕ್ಟ್ ಬಿಟ್ಟು ಪರ್ಮನೆಂಟ್ ಕೆಲಸಕ್ಕೆ: ಸಹಿ ಹಾಕುವ ಮೊದಲು ಈ ಲೆಕ್ಕ ಹಾಕಿ

ಕಳೆದ ಒಂದು ವರ್ಷದಲ್ಲಿ ನನಗೆ ಗೊತ್ತಿರುವ ಆರು ಜನ ಐಟಿ ಕಾಂಟ್ರಾಕ್ಟರ್‌ಗಳು ಪರ್ಮನೆಂಟ್ ಕೆಲಸಕ್ಕೆ ಸೇರಿದರು. ಅವರಲ್ಲಿ ನಾಲ್ವರು ಮೊದಲ ಸಂಬಳ ಬಂದ ದಿನವೇ ನನಗೆ ಫೋನ್ ಮಾಡಿದರು. ಎಲ್ಲರದ್ದೂ ಒಂದೇ ಪ್ರಶ್ನೆ: "ಉಳಿದ ದುಡ್ಡು ಎಲ್ಲಿ ಹೋಯ್ತು?"

ಎಲ್ಲೂ ಹೋಗಿರಲಿಲ್ಲ. ಆಫರ್ ಲೆಟರಿನ ಸಿಟಿಸಿಯನ್ನು (ಕಂಪನಿ ಒಬ್ಬ ನೌಕರನಿಗೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅವರು ತಮ್ಮ ತಿಂಗಳ ಬಿಲ್ಲಿನ ಪಕ್ಕ ಇಟ್ಟು ನೋಡಿದ್ದರು, ಅಷ್ಟೇ. ಮಾರುಕಟ್ಟೆ ಮಂಕಾದಾಗ ಗಾಬರಿ ಜಾಸ್ತಿ. ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತದೋ ಅನ್ನುವ ಭಯದಲ್ಲಿ ಸಿಕ್ಕ ಆಫರಿಗೆ ಸಹಿ ಬೀಳುತ್ತದೆ.

ಹೆಜ್ಜೆ 1: ನಿಮ್ಮ ದುಡ್ಡು ಎಲ್ಲಿಂದ ಬರುತ್ತಿದೆ?

ಬೆಂಗಳೂರಿನಲ್ಲಿ ಕಾಂಟ್ರಾಕ್ಟರ್ ಅಂದರೆ ಎರಡು ಬಗೆ. ಕೂರುವುದು ಕ್ಲೈಂಟ್ ಆಫೀಸಿನಲ್ಲಿ, ಪೇಸ್ಲಿಪ್ ಮತ್ತು ಪಿಎಫ್ ವೆಂಡರಿನದು (ಕ್ಲೈಂಟಿಗೆ ಜನರನ್ನು ಒದಗಿಸುವ ಕಂಪನಿಯದು) ಅನ್ನುವವರು ಒಂದು ಬಗೆ. ಸ್ವಂತ ಪ್ಯಾನ್ ಮೇಲೆ ಇನ್‌ವಾಯ್ಸ್ ಕಳಿಸುವವರು ಇನ್ನೊಂದು. ಪೇಸ್ಲಿಪ್ ಇರುವವರು ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಿ, ಸೀದಾ ಮೂರನೇ ಹೆಜ್ಜೆಗೆ ಹೋಗಿ. ಇನ್‌ವಾಯ್ಸ್‌ನವರು ಪೆನ್ನು ಹಿಡಿದು ಕೂರಿ.

ಹೆಜ್ಜೆ 2: ಲೆಕ್ಕ

ನೀವು ತಿಂಗಳಿಗೆ 2 ಲಕ್ಷ ಬಿಲ್ ಮಾಡುತ್ತೀರಿ ಅಂದುಕೊಳ್ಳಿ. 24 ಲಕ್ಷ ಸಿಟಿಸಿಯ ಆಫರ್ ಬಂದಿದೆ. ಎರಡು ಹನ್ನೆರಡಲ ಇಪ್ಪತ್ನಾಲ್ಕು, ಸರಿಹೋಯ್ತಲ್ಲ ಅನಿಸುತ್ತದೆ. ಎಡವುವುದು ಇಲ್ಲೇ.

ಮೊದಲು ನಿಮ್ಮ ಕಡೆ ನೋಡೋಣ. ಎಲ್ಲರ ಬಾಯಲ್ಲಿರುವ 44ಎಡಿಎ (ಸ್ವಂತ ವೃತ್ತಿಯವರ ಆದಾಯ ತೆರಿಗೆ ಸೆಕ್ಷನ್) ಪ್ರಕಾರ ಬಿಲ್ಲಿನ ಕನಿಷ್ಠ ಅರ್ಧವನ್ನು ಆದಾಯ ಎಂದು ತೋರಿಸಿದರೆ ಆಯಿತು. 24 ಲಕ್ಷಕ್ಕೆ 12 ಲಕ್ಷ. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇದೆ, ಹಾಗಾಗಿ ತೆರಿಗೆ ಸೊನ್ನೆ. ಕ್ಲೈಂಟ್ ಬಿಲ್ಲಿನಲ್ಲಿ ಮೊದಲೇ ಹಿಡಿದ ತೆರಿಗೆ (ಟಿಡಿಎಸ್) ಕೂಡ ವಾಪಸ್. ಸಂಬಳದವರಿಗೆ ಈ ಸುಖ ಇಲ್ಲ.

ಈಗ ಆ 24 ಲಕ್ಷವನ್ನು ಬಿಡಿಸಿ. ಬೇಸಿಕ್ ಅರ್ಧ, ಅಂದರೆ 12 ಲಕ್ಷ. ಅದರ ಶೇ 12ರಷ್ಟು, 1.44 ಲಕ್ಷ, ಕಂಪನಿಯ ಪಾಲಿನ ಪಿಎಫ್. ಗ್ರಾಚ್ಯುಟಿ ಹೆಸರಿನಲ್ಲಿ ಬೇಸಿಕ್‌ನ ಶೇ 4.81, ಸುಮಾರು 58 ಸಾವಿರ. ಪರ್ಮನೆಂಟ್ ನೌಕರ ಐದು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ ಇದು ಕಾಗದದ ಮೇಲಿನ ದುಡ್ಡು. ವೇರಿಯಬಲ್ ಪೇ (ಸಾಧನೆ ನೋಡಿ ಕೊಡುವ ಪಾಲು) ಸಿಟಿಸಿಯ ಶೇ 10 ಅಂದರೆ 2.4 ಲಕ್ಷ. ಇದನ್ನು ನಾನು ಯಾವಾಗಲೂ ಸೊನ್ನೆ ಅಂತಲೇ ಹಿಡಿಯುತ್ತೇನೆ, ನೀವೂ ಹಾಗೇ ಹಿಡಿಯಿರಿ. ಮಂದ ಕಾಲದಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಉಳಿಯುವುದು 19.58 ಲಕ್ಷ. ಇದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1.44 ಲಕ್ಷ ಹೋಗುತ್ತದೆ. 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೂ ಸೆಸ್ ಸೇರಿ ತೆರಿಗೆ ಸುಮಾರು 1.84 ಲಕ್ಷ. ಕರ್ನಾಟಕದ ವೃತ್ತಿ ತೆರಿಗೆ 2,500 ರೂಪಾಯಿ. ಕೊನೆಗೆ ಕೈಗೆ ಬರುವುದು ವರ್ಷಕ್ಕೆ 16.28 ಲಕ್ಷ, ತಿಂಗಳಿಗೆ ಹತ್ತಿರ ಹತ್ತಿರ 1.36 ಲಕ್ಷ. ನನಗೆ ಬಂದ ಫೋನ್‌ಗಳ ಹಿಂದೆ ಇದ್ದದ್ದು ಈ ಸಂಖ್ಯೆ.

ಆದರೆ ಇಲ್ಲಿಗೇ ನಿಲ್ಲಬೇಡಿ. ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ವರ್ಷದಲ್ಲಿ ಎಷ್ಟು ತಿಂಗಳು ನಿಜವಾಗಿ ಬಿಲ್ ಆಗಿದೆ, ಎಣಿಸಿ. ನೆನಪಿನಿಂದ ಹೇಳಬೇಡಿ, ಎಲ್ಲರ ನೆನಪಿನಲ್ಲೂ ಹನ್ನೆರಡು ತಿಂಗಳೇ ಇರುತ್ತದೆ. ನನ್ನದು ಎಣಿಸಿದಾಗ ಹತ್ತು ಬಂತು. ಡಿಸೆಂಬರಿನ ಕ್ಲೈಂಟ್ ರಜೆ, ರಿನ್ಯೂವಲ್ ತಡ, ಜ್ವರ ಬಂದ ವಾರ, ಎಲ್ಲ ಸೇರಿ ಎರಡು ತಿಂಗಳು ತಿಂದಿದ್ದವು. ಹತ್ತು ತಿಂಗಳಿಗೆ 20 ಲಕ್ಷ. ಆರೋಗ್ಯ ವಿಮೆ, ಸಿಎ ಫೀಸು, ಲ್ಯಾಪ್‌ಟಾಪ್ ಕಳೆದರೆ 19ರ ಆಸುಪಾಸು. ಆ ಕಡೆ ಸಂಬಳದ 16.28ಕ್ಕೆ ಎರಡೂ ಪಾಲಿನ ಪಿಎಫ್ 2.88 ಸೇರಿಸಿ: 19.16 ಲಕ್ಷ. ತಕ್ಕಡಿ ಸಮ!

ಅಂದರೆ ಹತ್ತು ತಿಂಗಳು ಬಿಲ್ ಆಗುವವರಿಗೆ 24 ಲಕ್ಷದ ಆಫರ್ ನಷ್ಟದ್ದಲ್ಲ. ಹನ್ನೆರಡೂ ತಿಂಗಳು ಬಿಲ್ ಆಗುವವರಿಗೆ ನಷ್ಟದ್ದೇ, ಅವರು ಜಾಸ್ತಿ ಕೇಳಬೇಕು. ನೀವು ಎಷ್ಟು ಕೇಳಬೇಕು ಅನ್ನುವುದು ಆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿದೆ.

ಇಂಟರ್‌ನೆಟ್‌ನಲ್ಲಿ ಸಿಗುವ ಸಿಟಿಸಿ ಕ್ಯಾಲ್ಕ್ಯುಲೇಟರ್‌ಗಳನ್ನು ನಂಬಬೇಡಿ. ನಾನು ಬಳಸಿ ನೋಡಿದವು ವೇರಿಯಬಲ್ ಪೂರ್ತಿ ಬರುತ್ತದೆ ಅಂತಲೇ ಲೆಕ್ಕ ಹಾಕುತ್ತವೆ. ಎಚ್‌ಆರ್ ಹತ್ತಿರ ಸ್ಯಾಲರಿ ಬ್ರೇಕಪ್ ಕೇಳಿ, ಎಕ್ಸೆಲ್‌ನಲ್ಲಿ ನೀವೇ ಹಾಕಿ. ಕೆಲವು ಕಂಪನಿಗಳು ಪಿಎಫ್ ಅನ್ನು ತಿಂಗಳಿಗೆ 1,800 ರೂಪಾಯಿಗೇ ಇಡುತ್ತವೆ. ಆಗ ಕೈಗೆ ಜಾಸ್ತಿ, ಉಳಿತಾಯ ಕಡಿಮೆ. ಲೆಕ್ಕವೂ ಬದಲಾಗುತ್ತದೆ.

ಎಕ್ಸೆಲ್‌ಗೆ ಸಿಗದ ಎರಡು ವಿಷಯಗಳಿವೆ. 44ಎಡಿಎಯಲ್ಲಿ ಅರ್ಧ ಆದಾಯ ತೋರಿಸಿದವರಿಗೆ ಬ್ಯಾಂಕು ಮನೆ ಸಾಲ ಕೊಡುವಾಗಲೂ ಆ ಅರ್ಧವನ್ನೇ ನೋಡುತ್ತದೆ. ಇನ್ನೊಂದು ಅಪ್ಪ ಅಮ್ಮನ ಶುಗರ್, ಬಿಪಿ. ಸ್ವಂತ ಪಾಲಿಸಿಯಲ್ಲಿ ಹಳೆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಕಂಪನಿಯ ಗ್ರೂಪ್ ವಿಮೆಯಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಹಾಗಂತ ಸ್ವಂತ ಪಾಲಿಸಿ ನಿಲ್ಲಿಸಬೇಡಿ. ಕೆಲಸ ಹೋದ ದಿನ ಗ್ರೂಪ್ ವಿಮೆಯೂ ಹೋಗುತ್ತದೆ.

ಹೆಜ್ಜೆ 3: ಕಾಗದ ಪತ್ರ

ವೆಂಡರ್ ಪೇರೋಲ್‌ನವರು ಮಣ್ಣು ಮುಕ್ಕುವುದು ಇಲ್ಲಿ. ಕೆಲಸ ಮಾಡಿದ್ದು ದೊಡ್ಡ ಹೆಸರಿನ ಕ್ಲೈಂಟಿಗೆ, ಆದ್ದರಿಂದ ರೆಸ್ಯೂಮೆಯಲ್ಲಿ ಅದನ್ನೇ ಕಂಪನಿ ಅಂತ ಬರೆಯುತ್ತಾರೆ. ಬ್ಯಾಕ್‌ಗ್ರೌಂಡ್ ಚೆಕ್‌ನವರು ಯುಎಎನ್ (ಪಿಎಫ್ ನಂಬರ್) ಹಿಸ್ಟರಿ ತೆಗೆದರೆ ಅಲ್ಲಿರುವುದು ವೆಂಡರ್ ಹೆಸರು. ಆಫರ್ ರದ್ದಾಗಲು ಅಷ್ಟು ಸಾಕು. ನನ್ನ ಗೆಳೆಯನೊಬ್ಬ ಕೆಲಸಕ್ಕೆ ಸೇರಿ ಇಪ್ಪತ್ತು ದಿನ ಆದ ಮೇಲೆ ಹೀಗೆ ಮನೆಗೆ ಬಂದ. ವೆಂಡರ್ ಹೆಸರು ಮೇಲೆ, ಕ್ಲೈಂಟ್ ಹೆಸರು ಕೆಳಗೆ ಬರೆಯಿರಿ. ಇನ್‌ವಾಯ್ಸ್‌ನವರು ಅಗ್ರಿಮೆಂಟ್, ಇನ್‌ವಾಯ್ಸ್, ಐಟಿ ರಿಟರ್ನ್ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.

ಗ್ಯಾಪ್ ಮುಚ್ಚಲು ಎಕ್ಸ್‌ಪೀರಿಯನ್ಸ್ ಲೆಟರ್ ಮಾರುವವರು ಸಿಗುತ್ತಾರೆ. ಆ ಕಡೆ ತಲೆ ಹಾಕಿಯೂ ಮಲಗಬೇಡಿ. ಪಿಎಫ್ ಸಾಲು ಇಲ್ಲದ ಲೆಟರ್ ಎರಡೇ ದಿನದಲ್ಲಿ ಸಿಕ್ಕಿಬೀಳುತ್ತದೆ.

ಹೆಜ್ಜೆ 4: ಹುಡುಕಾಟ

ನೌಕ್ರಿ, ಲಿಂಕ್ಡ್‌ಇನ್ ಅಪ್‌ಡೇಟ್ ಮಾಡಿ. ರೆಸ್ಯೂಮೆ ಬರೆದುಕೊಡುವ ದುಡ್ಡಿನ ಸರ್ವೀಸ್ ದಂಡ.

ಅದಕ್ಕಿಂತ ಮೊದಲು ಈಗಿನ ಕ್ಲೈಂಟಿನ ಮ್ಯಾನೇಜರ್ ಹತ್ತಿರ ಕೇಳಿ. ಅವರಿಗೆ ನಿಮ್ಮ ಕೆಲಸ ಗೊತ್ತು. "ಕ್ಲೈಂಟ್ ಹತ್ತಿರ ಸೇರುವ ಹಾಗಿಲ್ಲ" ಎಂದು ವೆಂಡರ್ ಹೆದರಿಸಬಹುದು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರು ದುಡಿಯುವುದನ್ನೇ ತಡೆಯುವ ಕರಾರು ನಿಲ್ಲುವುದಿಲ್ಲ. ಆದರೆ ವೆಂಡರ್ ಮತ್ತು ಕ್ಲೈಂಟ್ ನಡುವೆ ಬೇರೆ ಒಪ್ಪಂದ ಇರುತ್ತದೆ, ಕ್ಲೈಂಟ್ ಅದಕ್ಕೆ ಫೀಸು ಕಟ್ಟಬೇಕಾಗಬಹುದು. ಆ ಮಾತುಕತೆ ಅವರಿಗೇ ಬಿಡಿ, ನೀವು ಮಧ್ಯೆ ಹೋಗಬೇಡಿ.

ಹೆಜ್ಜೆ 5: ಆಫರ್ ಓದಿ

ನೋಟಿಸ್ ಪೀರಿಯಡ್ 90 ದಿನ ಇದ್ದರೆ 60ಕ್ಕೆ ಇಳಿಸಿ ಅನ್ನಿ. ಮಾರುಕಟ್ಟೆ ಸುಧಾರಿಸಿದಾಗ ಮತ್ತೆ ಕಾಂಟ್ರಾಕ್ಟ್‌ಗೆ ಹೋಗುವ ಮನಸ್ಸಾದರೆ ಮೂರು ತಿಂಗಳು ಯಾವ ಕ್ಲೈಂಟೂ ಕಾಯುವುದಿಲ್ಲ. ಜಾಯ್ನಿಂಗ್ ಬೋನಸ್ ವಾಪಸ್ ಕೊಡಬೇಕಾದ ಅವಧಿ ಎಷ್ಟು ಅಂತ ನೋಡಿ. ಜೊತೆಜೊತೆಗೆ ಬೇರೆಯವರಿಗೆ ಮಾಡುವ ಪಕ್ಕದ ಕೆಲಸ ನಿಲ್ಲಿಸಲೇಬೇಕು. 2022ರಲ್ಲಿ ವಿಪ್ರೊ ಇದೇ ಕಾರಣಕ್ಕೆ 300 ಜನರನ್ನು ತೆಗೆದದ್ದು ನೆನಪಿದೆ ಅಲ್ವಾ? ಪರ್ಮನೆಂಟ್ ಅನ್ನುವ ಪದಕ್ಕೂ ಮರುಳಾಗಬೇಡಿ. 2025ರಲ್ಲಿ ಟಿಸಿಎಸ್ 12 ಸಾವಿರಕ್ಕೂ ಜಾಸ್ತಿ ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಅವರೆಲ್ಲ ಪರ್ಮನೆಂಟ್‌ನವರೇ. ಆರು ತಿಂಗಳ ಖರ್ಚಿನ ದುಡ್ಡನ್ನು ಕಾಂಟ್ರಾಕ್ಟರ್ ಆಗಿದ್ದಾಗ ಇಟ್ಟಂತೆಯೇ ಇಡಿ.

ಹೆಜ್ಜೆ 6: ಅಂಗಡಿ ಮುಚ್ಚುವುದು

ಸೇರುವ ದಿನದ ಮೊದಲೇ ಬಾಕಿ ಇನ್‌ವಾಯ್ಸ್ ಎಲ್ಲ ಕಳಿಸಿ. ಆ ವರ್ಷ ಬಿಲ್ಲಿನ ಆದಾಯಕ್ಕೆ ಸಂಬಳ ಸೇರಿ ಸ್ಲ್ಯಾಬ್ ಮೇಲೇರುತ್ತದೆ, ಹೊಸ ಕಂಪನಿ ಸಂಬಳಕ್ಕೆ ಮಾತ್ರ ತೆರಿಗೆ ಹಿಡಿದಿರುತ್ತದೆ. ವ್ಯತ್ಯಾಸವನ್ನು ಮಾರ್ಚ್ 15ರೊಳಗೆ ಅಡ್ವಾನ್ಸ್ ಟ್ಯಾಕ್ಸ್ ಆಗಿ ಕಟ್ಟಿ. ಜಿಎಸ್‌ಟಿ ನೋಂದಣಿ ಇದ್ದರೆ ಸುಮ್ನೆ ಬಿಡಬೇಡಿ, ಬಿಸಿನೆಸ್ ಇಲ್ಲದಿದ್ದರೂ ರಿಟರ್ನ್ ಹಾಕುತ್ತಲೇ ಇರಬೇಕಾಗುತ್ತದೆ. ರದ್ದು ಮಾಡಿಸಿದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 (ಕೊನೆಯ ರಿಟರ್ನ್) ಹಾಕಿ. ನಾನು ಅದನ್ನು ಮರೆತೆ. ನೋಟಿಸ್ ಬಂದದ್ದು ಹಳೆ ಮೇಲ್ ಐಡಿಗೆ, ನೋಡುವಷ್ಟರಲ್ಲಿ ದಂಡ ಏರಿ ಕೂತಿತ್ತು. ಪೋರ್ಟಲ್‌ನಲ್ಲಿ ಈಗ ದಿನಾ ನೋಡುವ ಮೇಲ್ ಐಡಿ ಕೊಟ್ಟಿಡಿ.